ವೇದಿಕೆಯಲ್ಲಿ ರಾಣಿ, ಪಾಸ್‌ಪೋರ್ಟಿನಲ್ಲಿ ಶ್ರೀಮಾನ್

ಏಪ್ರಿಲ್ ಬಂತೆಂದರೆ ಥಾಯ್ಲೆಂಡಿನ ಮಾಧ್ಯಮಗಳಿಗೆ ಒಂದು ಸಿದ್ಧ ಸುದ್ದಿ ಸಿಗುತ್ತದೆ. 21ರ ವಯಸ್ಸಿಗೆ ಬಂದ ಗಂಡು ಮಕ್ಕಳು ಆ ತಿಂಗಳಲ್ಲಿ ಸೇನಾ ಭರ್ತಿಯ ಚೀಟಿ ಎತ್ತುವ ಕೇಂದ್ರಕ್ಕೆ ಹಾಜರಾಗಬೇಕು. ಕೆಂಪು ಚೀಟಿ ಬಂದವರು ಸೇನೆಗೆ ಹೋಗುತ್ತಾರೆ, ಕಪ್ಪು ಚೀಟಿ ಬಂದವರು ಮನೆಗೆ ಹೋಗುತ್ತಾರೆ. ಜನನ ದಾಖಲೆಯಲ್ಲಿ ಗಂಡು ಎಂದು ಬರೆಸಿಕೊಂಡಿರುವ ಟ್ರಾನ್ಸ್ ಮಹಿಳೆಯರಿಗೂ ಈ ಹಾಜರಿ ತಪ್ಪುವುದಿಲ್ಲ. ಕ್ಯಾಮೆರಾ ಹಿಡಿದವರು ಬೆಳಗಿನಿಂದಲೇ ಕಾದು ನಿಂತಿರುವುದು ಅವರಿಗಾಗಿ. ಅಂಗಿ ಬಿಚ್ಚಿ ಕುಳಿತ ಹುಡುಗರ ಸಾಲಿನ ನಡುವೆ ಉದ್ದ ಕೂದಲಿನ, ತಿದ್ದಿದ ಹುಬ್ಬಿನ ಒಬ್ಬಾಕೆ ತಲೆತಗ್ಗಿಸಿ ಕುಳಿತಿರುವ ಚಿತ್ರ ಮರುದಿನದ ಹೊತ್ತಿಗೆ ಜಗತ್ತನ್ನು ಸುತ್ತಿ ಬಂದಿರುತ್ತದೆ.

ಮಂಗಳೂರಿನ ಪತ್ರಿಕೆಯೊಂದರ ಡೆಸ್ಕಿನಲ್ಲಿ ಕೆಲವು ವರ್ಷ ಕೆಲಸ ಮಾಡಿದವಳಾದ್ದರಿಂದ ಈ ಚಿತ್ರಗಳು ನಮ್ಮೂರ ಓದುಗರ ಕೈಗೆ ಯಾವ ರೂಪದಲ್ಲಿ ತಲುಪುತ್ತವೆ ಎಂಬುದನ್ನು ಹತ್ತಿರದಿಂದ ನೋಡಿದ್ದೇನೆ. ಸುದ್ದಿಸಂಸ್ಥೆಯಿಂದ ಸಂಜೆಯ ಹೊತ್ತಿಗೆ ನಾಲ್ಕೈದು ಫೋಟೋಗಳು ಬರುತ್ತಿದ್ದವು, ಅವುಗಳ ಜೊತೆಗೆ ಐದಾರು ಪ್ಯಾರಾಗಳ ಬರಹವೂ ಇರುತ್ತಿತ್ತು. ಭರ್ತಿ ಕೇಂದ್ರದಲ್ಲಿ ನಡೆಯುವ ವೈದ್ಯಕೀಯ ತಪಾಸಣೆ, ವಿನಾಯಿತಿ ಪತ್ರ, ಅದರಿಂದ ಮುಂದೆ ಆಗುವ ತೊಂದರೆ ಇವೆಲ್ಲ ಬರಹದ ಕೊನೆಯ ಪ್ಯಾರಾಗಳಲ್ಲಿ ಇರುತ್ತಿದ್ದವು. ರಾತ್ರಿ ಜಾಹೀರಾತು ಬಂದು ಪುಟದಲ್ಲಿ ಜಾಗ ಸಾಲದಾದಾಗ ಮೊದಲು ಕತ್ತರಿ ಬೀಳುತ್ತಿದ್ದದ್ದು ಆ ಪ್ಯಾರಾಗಳಿಗೇ. ಕೊನೆಗೆ ವಿದೇಶ ಪುಟದ ಮೂಲೆಯಲ್ಲಿ ಉಳಿಯುತ್ತಿದ್ದದ್ದು ಒಂದು ಚಂದದ ಮುಖ, ಅದರ ಕೆಳಗೆ ‘ಈಕೆ ಹುಡುಗಿಯಲ್ಲ!’ ಎಂಬ ಒಂದು ಸಾಲು.

ಕತ್ತರಿಸಿ ಬಿಸಾಡಿದ ಪ್ಯಾರಾಗಳಲ್ಲಿ ಇದ್ದದ್ದು ಸಣ್ಣ ವಿಷಯವಲ್ಲ. ಸೇನೆಗೆ ಬೇಡವೆಂದು ಬಿಟ್ಟ ಟ್ರಾನ್ಸ್ ಮಹಿಳೆಯರಿಗೆ ಕೊಡುತ್ತಿದ್ದ ವಿನಾಯಿತಿ ಪತ್ರದಲ್ಲಿ ಕಾರಣದ ಜಾಗದಲ್ಲಿ ‘ಶಾಶ್ವತ ಮಾನಸಿಕ ಅಸ್ವಸ್ಥತೆ’ ಎಂದು ಬರೆಯಲಾಗುತ್ತಿತ್ತು. ಥಾಯ್ಲೆಂಡಿನಲ್ಲಿ ಗಂಡಸರು ಕೆಲಸಕ್ಕೆ ಅರ್ಜಿ ಹಾಕುವಾಗ ಸೇನಾ ಭರ್ತಿಯ ಈ ಕಾಗದವನ್ನು ತೋರಿಸಬೇಕಾಗುತ್ತದೆ. ಹಾಗಾಗಿ ಹೊಸದಾಗಿ ಪದವಿ ಮುಗಿಸಿ ಬಂದವಳೊಬ್ಬಳು ಬ್ಯಾಂಕಿಗೋ ಶಾಲೆಗೋ ಅರ್ಜಿ ಕೊಡುವಾಗ ತನ್ನ ಅಂಕಪಟ್ಟಿಯ ಜೊತೆಗೆ ತಾನು ಹುಚ್ಚಳೆಂದು ಸರಕಾರ ಕೊಟ್ಟ ಪ್ರಮಾಣಪತ್ರವನ್ನೂ ಲಗತ್ತಿಸಬೇಕಿತ್ತು. ಒಬ್ಬರು ಧೈರ್ಯ ಮಾಡಿ ಆಡಳಿತ ನ್ಯಾಯಾಲಯದ ಮೆಟ್ಟಿಲು ಹತ್ತಿ, ವರ್ಷಗಟ್ಟಲೆ ಕಾದ ಬಳಿಕ, 2011ರಲ್ಲಿ ಆ ಪದವನ್ನು ಬಳಸಬಾರದೆಂಬ ತೀರ್ಪು ಬಂತು. ಹುಟ್ಟಿನ ಲಿಂಗಕ್ಕೂ ಈಗಿನ ಲಿಂಗಕ್ಕೂ ಹೊಂದಿಕೆ ಇಲ್ಲ ಎಂಬರ್ಥದ ಒಕ್ಕಣೆ ಅದರ ಜಾಗಕ್ಕೆ ಬಂದಿದೆ. ಏಪ್ರಿಲಿನ ಫೋಟೋಗಳು ಮಾತ್ರ ಹಾಗೆಯೇ ಬರುತ್ತಿವೆ.

‘ಥಾಯ್ಲೆಂಡ್ ಬಿಡಿ, ಅವರಿಗೆ ಅದು ಸ್ವರ್ಗ’ ಎಂಬ ಮಾತನ್ನು ನಮ್ಮಲ್ಲಿ ಬಹಳ ಜನ ಆಡುತ್ತಾರೆ, ಒಳ್ಳೆಯ ಮನಸ್ಸಿನಿಂದಲೇ ಆಡುತ್ತಾರೆ. ಅಲ್ಲಿ ಕತೋಯ್ ಎಂದು ಕರೆಯಲಾಗುವ ಈ ಸಮುದಾಯ ಅಂಗಡಿಯ ಗಲ್ಲಾದ ಹಿಂದೆ, ಬ್ಯೂಟಿ ಪಾರ್ಲರಿನಲ್ಲಿ, ಹಳ್ಳಿಯ ಜಾತ್ರೆಯಲ್ಲಿ, ಟಿವಿಯಲ್ಲಿ ಎಲ್ಲೆಲ್ಲೂ ಕಾಣಿಸುತ್ತದೆ ಎಂಬುದು ನಿಜ. ಆದರೆ ಕಾಣಿಸುವ ಅವಕಾಶ ಒಂದು, ಬಾಳುವ ಅವಕಾಶ ಇನ್ನೊಂದು. ಥಾಯ್ಲೆಂಡಿನಲ್ಲಿ ಈ ಎರಡರ ನಡುವಿನ ಅಂತರವನ್ನೇ ಬಂಡವಾಳ ಮಾಡಿಕೊಂಡ ಒಂದು ದೊಡ್ಡ ವ್ಯಾಪಾರ ನಿಂತಿದೆ ಎಂದು ನನಗೆ ಅನಿಸುತ್ತದೆ.

ಆ ವ್ಯಾಪಾರದ ಒಂದು ತುದಿ ನಮ್ಮ ಮಂಗಳೂರಿನ ಹಂಪನಕಟ್ಟೆಯವರೆಗೂ ಬಂದಿದೆ. 2023ರ ನವೆಂಬರಿನಿಂದ ಭಾರತೀಯರಿಗೆ ವೀಸಾ ಬೇಡವೆಂದಾದ ಮೇಲೆ ಬ್ಯಾಂಕಾಕ್–ಪಟ್ಟಾಯ ಪ್ರವಾಸವು ಕರಾವಳಿಯ ವ್ಯಾಪಾರಸ್ಥರಿಗೆ, ಗುತ್ತಿಗೆದಾರರಿಗೆ ಊಟಿ ಪ್ರವಾಸದಷ್ಟೇ ಸಲೀಸಾಗಿದೆ. ನನ್ನ ಭಾವ ಗೆಳೆಯರ ಜೊತೆ ಹೋಗಿ ಬಂದರು. ಅವರಿಗೆ ಕೊಟ್ಟಿದ್ದ ಕಾರ್ಯಕ್ರಮ ಪಟ್ಟಿಯಲ್ಲಿ ಕೋರಲ್ ದ್ವೀಪ, ಪ್ರಾಣಿಗಳ ಸಫಾರಿ, ಹರಳಿನ ಆಭರಣಗಳ ಗ್ಯಾಲರಿ, ಇವುಗಳ ನಡುವೆ ಒಂದು ಸಂಜೆಗೆ ‘ಅಲ್ಕಜಾರ್ ಶೋ, ಪಿಕಪ್ ಸಹಿತ’ ಎಂದಿತ್ತು; ಟ್ರಾನ್ಸ್ ಮಹಿಳೆಯರು ಕುಣಿಯುವ ಪಟ್ಟಾಯದ ರಂಗಪ್ರದರ್ಶನ ಅದು. ವಾಪಸು ಬಂದ ಮೇಲೆ ಮನೆಯ ಜಗಲಿಯಲ್ಲಿ ಕುಳಿತು ಮೊಬೈಲಿನ ಚಿತ್ರಗಳನ್ನು ಒಂದೊಂದಾಗಿ ತೋರಿಸುತ್ತಾ ಅವರು ಕೇಳಿದರು:

“ನೋಡು ಮಾರಾಯ್ತಿ, ಇವರು ಹೆಂಗಸರಲ್ಲ ಅಂತ ಹೇಳ್ಲಿಕ್ಕೆ ಸಾಧ್ಯ ಉಂಟಾ?”

“ಫೋಟೋಕ್ಕೆ ದುಡ್ಡು ಕೊಟ್ರಾ ಭಾವ?”

“ಕೊಡದೆ ಬಿಡ್ತಾರಾ? ನೂರು ಬಾತ್. ಆದ್ರೂ ಶೋ ಮಾತ್ರ ಭಾರೀ ಚಂದ, ಹಿಂದಿ ಹಾಡಿಗೂ ಕುಣಿದ್ರು.”

ನೂರು ಬಾತ್ ಎಂದರೆ ನಮ್ಮ 250 ರೂಪಾಯಿಯ ಆಸುಪಾಸು. ಪ್ರದರ್ಶನ ಮುಗಿದ ಕೂಡಲೇ ಕಲಾವಿದೆಯರು ಗರಿಗಳ ಕಿರೀಟ, ಮಣಿ ಹೊಲಿದ ಉಡುಪು, ಎತ್ತರದ ಹಿಮ್ಮಡಿಯ ಚಪ್ಪಲಿ ಸಮೇತ ಓಡೋಡಿ ಬಂದು ರಂಗಮಂದಿರದ ಹೊರಗೆ ಸಾಲಾಗಿ ನಿಲ್ಲುತ್ತಾರೆ. ಪ್ರವಾಸಿಗರ ಬಸ್ಸುಗಳು ಹೊರಡುವವರೆಗಿನ ಆ ಸ್ವಲ್ಪ ಹೊತ್ತಿನಲ್ಲಿ ಎಷ್ಟು ಜನರ ಹೆಗಲಿಗೆ ಹೆಗಲು ತಾಗಿಸಿ ನಗಲು ಸಾಧ್ಯವೋ ಅಷ್ಟು ಟಿಪ್ಸ್. ಸಂಬಳದ ಜೊತೆಗೆ ಇದನ್ನೂ ನೆಚ್ಚಿಕೊಂಡೇ ಅವರ ಜೀವನ ಸಾಗುತ್ತದೆ. ಆಮೇಲೆ ಮತ್ತೆ ಒಳಗೆ ಓಡಬೇಕು, ಮುಂದಿನ ಪ್ರದರ್ಶನಕ್ಕೆ ಇನ್ನೊಂದು ಸಾಲು ಬಸ್ಸು ಬಂದು ನಿಂತಿರುತ್ತದೆ. ಹಾಡು ಮೊದಲೇ ಧ್ವನಿಮುದ್ರಿಸಿದ್ದು, ತುಟಿ ಮಾತ್ರ ಅವರದು. ಭಾವನ ಮೊಬೈಲಿನಲ್ಲಿದ್ದ ಒಂದು ಚಿತ್ರದಲ್ಲಿ ಅವರ ಗೆಳೆಯರೊಬ್ಬರು ಕಲಾವಿದೆಯ ಕಡೆ ಬೆರಳು ತೋರಿಸಿ ನಗುತ್ತಿದ್ದರು. ಆಕೆಯ ನೋಟ ಅವರ ಕಡೆಗಿರದೆ ಮುಂದೆ ಸರತಿಯಲ್ಲಿ ನಿಂತವರ ಕಡೆಗಿತ್ತು. ಕೆಲಸದ ವೇಳೆಯಲ್ಲಿ ಇರುವವರ ನೋಟ ಅದು, ಬಸ್ ಕಂಡಕ್ಟರರಲ್ಲಿ ನಾವು ದಿನಾ ಕಾಣುವಂಥದ್ದು.

ಪಟ್ಟಾಯ ಇಂಥ ಊರಾದದ್ದಕ್ಕೆ ಚರಿತ್ರೆ ಇದೆ. ಮೀನುಗಾರರ ಹಳ್ಳಿಯಾಗಿದ್ದ ಅದು ವಿಯೆಟ್ನಾಂ ಯುದ್ಧದ ಕಾಲದಲ್ಲಿ ಅಮೆರಿಕದ ಸೈನಿಕರ ರಜಾದಿನಗಳ ಮೋಜಿನ ತಾಣವಾಯಿತು. ಸೈನಿಕರು ಹೊರಟುಹೋಗುವ ವೇಳೆಗೆ ಹೋಟೆಲ್, ಬಾರ್, ದಲ್ಲಾಳಿ ಎಲ್ಲವೂ ಸಿದ್ಧವಾಗಿದ್ದವು; ಪ್ರವಾಸಿಗರು ಬೇಕಾಗಿದ್ದರು. ಅಲ್ಕಜಾರ್‌ನಂಥದ್ದೇ ಆದ ಟಿಫನೀಸ್ ಪ್ರದರ್ಶನ 1974ರಲ್ಲಿ ಶುರುವಾಯಿತು, ಅಲ್ಕಜಾರ್ 1981ರಲ್ಲಿ. 1998ರಿಂದ ಟಿಫನೀಸ್ ಸಂಸ್ಥೆಯೇ ದೇಶಮಟ್ಟದ ಸೌಂದರ್ಯ ಸ್ಪರ್ಧೆ ನಡೆಸುತ್ತಿದೆ, 2004ರಿಂದ ಅಂತರರಾಷ್ಟ್ರೀಯ ಸ್ಪರ್ಧೆಯನ್ನೂ ನಡೆಸುತ್ತಿದೆ. ಟಿವಿಯಲ್ಲಿ ನೇರಪ್ರಸಾರ, ಪ್ರಾಯೋಜಕರ ಸಾಲು, ಗೆದ್ದವರಿಗೆ ಜಾಹೀರಾತು ಮತ್ತು ಧಾರಾವಾಹಿಗಳ ಅವಕಾಶ. ಇದರ ಜೊತೆಜೊತೆಗೆ ಬೆಳೆದದ್ದು ಶಸ್ತ್ರಚಿಕಿತ್ಸೆಯ ಉದ್ಯಮ. 1975ರಲ್ಲಿ ಡಾಕ್ಟರ್ ಪ್ರೀಚಾ ತಿಯೆವ್‌ತ್ರಾನನ್ ಮೊದಲಿಟ್ಟ ಕೈಚಳಕವು ಮುಂದೆ ಬ್ಯಾಂಕಾಕನ್ನು ಲಿಂಗ ಪರಿವರ್ತನಾ ಶಸ್ತ್ರಚಿಕಿತ್ಸೆಯ ಜಾಗತಿಕ ಕೇಂದ್ರವನ್ನಾಗಿ ಮಾಡಿತು. ಪಾಶ್ಚಾತ್ಯ ದೇಶಗಳಿಗಿಂತ ಕಡಿಮೆ ಖರ್ಚಿನಲ್ಲಿ ಆಗುತ್ತದೆ ಎಂದು ಪರದೇಶದವರು ವಿಮಾನ ಹತ್ತಿ ಬರುತ್ತಾರೆ. ಸ್ಪರ್ಧೆ, ಪ್ರದರ್ಶನ, ಕ್ಲಿನಿಕ್ ಮೂರೂ ಒಂದನ್ನೊಂದು ಸಾಕುತ್ತವೆ. ಹಳ್ಳಿಯ ಹದಿಹರೆಯದ ಮಗುವಿಗೆ ಇದರಿಂದ ಸಿಗುವ ಪಾಠವೆಂದರೆ ಚಂದ ಇದ್ದರೆ ಮಾತ್ರ ಬದುಕು ಉಂಟು ಎಂಬುದು. ಔಷಧ ಅಂಗಡಿಯಲ್ಲಿ ವೈದ್ಯರ ಚೀಟಿ ಇಲ್ಲದೆ ಸಿಗುವ ಗರ್ಭನಿರೋಧಕ ಮಾತ್ರೆಗಳನ್ನು ಹಾರ್ಮೋನಿಗಾಗಿ ನುಂಗುವ ಅಭ್ಯಾಸ ಅಲ್ಲಿ ಶಾಲಾ ವಯಸ್ಸಿನಲ್ಲೇ ಶುರುವಾಗುವುದುಂಟು.

ಚಂದ ಇಲ್ಲದವರ ಪಾತ್ರ ಬೇರೆ. ಥಾಯ್ ಸಿನಿಮಾ, ಟಿವಿ ಹಾಸ್ಯ ಕಾರ್ಯಕ್ರಮಗಳಲ್ಲಿ ದಪ್ಪ ಮೈಯ, ಗಡಸು ದನಿಯ, ಗಂಡಸರ ಬೆನ್ನು ಹತ್ತುವ ಕತೋಯ್ ಒಂದು ಸ್ಥಿರವಾದ ಹಾಸ್ಯ ಪಾತ್ರ; ಅಂಥವರನ್ನು ಎಮ್ಮೆಗೆ ಹೋಲಿಸಿ ಕರೆಯುವ ಬೈಗುಳವೂ ಆ ಭಾಷೆಯಲ್ಲಿ ಬಳಕೆಯಲ್ಲಿದೆ. ಮೂರನೆಯ ಪಾತ್ರ ಅಪರಾಧ ಸುದ್ದಿಯದು. ಪಟ್ಟಾಯದ ಕಡಲ ದಂಡೆಯಲ್ಲಿ ಭಾರತೀಯ ಪ್ರವಾಸಿಗನ ಚಿನ್ನದ ಸರ ಎಗರಿಸಿದ ಸುದ್ದಿ ಅಲ್ಲಿನ ಸ್ಥಳೀಯ ಮಾಧ್ಯಮಗಳಲ್ಲಿ ಆಗಾಗ ಬರುತ್ತದೆ, ತಲೆಬರಹದಲ್ಲೇ ಆರೋಪಿಯ ಲಿಂಗ ಇರುತ್ತದೆ. ಲೈಂಗಿಕ ವೃತ್ತಿಯನ್ನು ಅಪರಾಧವೆನ್ನುವ 1996ರ ಕಾಯ್ದೆ ಜಾರಿಯಲ್ಲಿರುವ ದೇಶದಲ್ಲಿ ಅದೇ ವೃತ್ತಿಯ ಬೆಳಕಿನ ಬೀದಿಗಳು ಪ್ರವಾಸಿ ಆಕರ್ಷಣೆಯಾಗಿವೆ ಎಂಬ ವಿಚಾರ ಆ ಸುದ್ದಿಗಳಲ್ಲಿ ಇರುವುದಿಲ್ಲ. ರಾಣಿ, ಕೋಡಂಗಿ, ಕಳ್ಳಿ: ಗಣಿತದ ಮೇಷ್ಟ್ರು, ಪಂಚಾಯಿತಿ ಗುಮಾಸ್ತೆ, ಪಕ್ಕದ ಮನೆಯವಳು ಆಗುವುದಕ್ಕೆ ಈ ಪಟ್ಟಿಯಲ್ಲಿ ಜಾಗವಿಲ್ಲ.

ನೋಂಗ್ ತೂಮ್ ಎಂದೇ ಜಗತ್ತು ಬಲ್ಲ ಪರಿನ್ಯಾ ಚರೋಯೆನ್‌ಫೋನ್ ಅವರ ಕತೆಯಲ್ಲಿ ಇದೆಲ್ಲವೂ ಒಟ್ಟಿಗೆ ಸಿಗುತ್ತದೆ. ಬಡ ಕುಟುಂಬದಲ್ಲಿ ಹುಟ್ಟಿ, ತಂದೆತಾಯಿಯನ್ನು ಸಾಕುವುದಕ್ಕೂ ಶಸ್ತ್ರಚಿಕಿತ್ಸೆಯ ಹಣ ಕೂಡಿಸುವುದಕ್ಕೂ ಮುವಾಯ್ ಥಾಯ್ ಕಾದಾಟದ ಅಂಕಣಕ್ಕಿಳಿದವರು ಅವರು. 1998ರಲ್ಲಿ ಬ್ಯಾಂಕಾಕಿನ ಲುಂಪಿನಿ ಕ್ರೀಡಾಂಗಣದಲ್ಲಿ ತೂಕ ನೋಡುವ ಶಾಸ್ತ್ರದ ಹೊತ್ತು ಎಲ್ಲರೆದುರು ಬಟ್ಟೆ ಬಿಚ್ಚಲು ಒಲ್ಲದೆ ಅತ್ತ ಹದಿನಾರರ ಆಸುಪಾಸಿನ ಆ ಮುಖ, ತುಟಿಬಣ್ಣ ಹಚ್ಚಿ ಬಂದು ಎದುರಾಳಿಯನ್ನು ಸೋಲಿಸಿ ಆಮೇಲೆ ಅವನ ಕೆನ್ನೆಗೆ ಮುತ್ತಿಟ್ಟದ್ದು, ಇವು ಪತ್ರಿಕೆಗಳಿಗೆ ಹಬ್ಬವಾದವು. ಮಂಕಾಗಿದ್ದ ಕ್ರೀಡೆಗೆ ಪ್ರೇಕ್ಷಕರು ಮರಳಿ ಬಂದರು. 1999ರಲ್ಲಿ ಅವರು ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಪೂರ್ತಿ ಹೆಣ್ಣಾದಾಗ ಅದೇ ಅಂಕಣದ ಬಾಗಿಲು ಮುಚ್ಚಿತು, ಏಕೆಂದರೆ ಹೆಣ್ಣಿಗೆ ಅಲ್ಲಿ ಪ್ರವೇಶವಿರಲಿಲ್ಲ; ಲುಂಪಿನಿಯಲ್ಲಿ ಮಹಿಳೆಯರು ಮೊದಲ ಬಾರಿಗೆ ಕಾದಾಡಿದ್ದು 2021ರಲ್ಲಿ. ಅರೆಬರೆಯಾಗಿದ್ದಾಗ ಟಿಕೆಟ್ ಮಾರಿದ ದೇಹವನ್ನು, ಅದು ತನ್ನ ಗುರಿ ಮುಟ್ಟಿದಾಗ ಹೊರಗಿಟ್ಟರು. ಅವರ ಬದುಕು 2003ರಲ್ಲಿ ಸಿನಿಮಾ ಆಯಿತು.

ಕಂಪನಿಗಳಿಗೂ ಈ ವಿದ್ಯೆ ಚೆನ್ನಾಗಿ ಗೊತ್ತು. 2011ರಲ್ಲಿ ಪಿಸಿ ಏರ್ ಎಂಬ ಹೊಸ ವಿಮಾನ ಸಂಸ್ಥೆ ಟ್ರಾನ್ಸ್ ಮಹಿಳೆಯರನ್ನು ಗಗನಸಖಿಯರನ್ನಾಗಿ ನೇಮಿಸಿದಾಗ, ವಿಮಾನ ಹಾರುವ ಮೊದಲೇ ಅದರ ಹೆಸರು ಜಗತ್ತಿನ ಎಲ್ಲ ಪತ್ರಿಕೆಗಳಲ್ಲಿ ಹಾರಾಡಿತು. ಕೋಟಿಗಟ್ಟಲೆ ಕೊಟ್ಟರೂ ಸಿಗದ ಪ್ರಚಾರ ಅದು. ಆ ಹುಡುಗಿಯರಿಗೆ ಕೆಲಸ ಸಿಕ್ಕಿತಲ್ಲ ಎಂದು ನಾನೂ ಸಂತೋಷಪಡುತ್ತೇನೆ, ಯಾರೂ ಕೊಡದ ಕೆಲಸವನ್ನು ಕೊಟ್ಟವರನ್ನು ಹೀಗಳೆಯುವುದು ಸುಲಭವಲ್ಲ. ಆದರೆ 2012ರಲ್ಲಿ ಸಂಸ್ಥೆ ಹಾರಾಟ ನಿಲ್ಲಿಸಿದಾಗ ಅವರ ಮುಂದಿನ ಗತಿಯನ್ನು ಕೇಳಿಕೊಂಡು ಹೋಗುವುದಕ್ಕೆ ಮೊದಲಿನ ವರದಿಗಾರರ ದಂಡು ಇರಲಿಲ್ಲ.

ನನಗೆ ಈ ವಿಷಯದಲ್ಲಿ ಅತ್ಯಂತ ಅನ್ಯಾಯವೆಂದು ತೋರುವುದು ಹೆಸರಿನ ಹಿಂದಿನ ಎರಡಕ್ಷರ. ಥಾಯ್ ಗುರುತಿನ ಚೀಟಿಯಲ್ಲೂ ಪಾಸ್‌ಪೋರ್ಟಿನಲ್ಲೂ ಗಂಡಸಿನ ಹೆಸರಿಗೆ ‘ನಾಯ್’ ಎಂದು, ಅಂದರೆ ನಮ್ಮ ಶ್ರೀಮಾನ್ ಎಂದು, ಸೇರಿಸುತ್ತಾರೆ. ಶಸ್ತ್ರಚಿಕಿತ್ಸೆ ಆದರೂ, ಸೌಂದರ್ಯ ಕಿರೀಟ ತೊಟ್ಟರೂ, ದೇಶದ ಪ್ರವಾಸೋದ್ಯಮದ ಮುಖವೇ ಆದರೂ ಈ ನಾಯ್ ಅಳಿಯುವುದಿಲ್ಲ. ವಿಮಾನ ನಿಲ್ದಾಣದಲ್ಲಿ ಕಾಗದ ಒಂದು ಹೇಳಿದರೆ ಎದುರಿಗೆ ನಿಂತವಳ ಮುಖ ಇನ್ನೊಂದು ಹೇಳುತ್ತದೆ; ವಿಚಾರಣೆಗೆ ಪಕ್ಕಕ್ಕೆ ನಿಲ್ಲಿಸುತ್ತಾರೆ. ಆಸ್ಪತ್ರೆಯಲ್ಲಿ ಗಂಡಸರ ವಾರ್ಡಿಗೆ ಹಾಕುತ್ತಾರೆ. 2015ರಲ್ಲಿ ಲಿಂಗ ಸಮಾನತೆಯ ಕಾಯ್ದೆ ಬಂತು. 2025ರ ಜನವರಿಯಲ್ಲಿ ವಿವಾಹ ಸಮಾನತೆಯ ಕಾಯ್ದೆ ಜಾರಿಯಾದಾಗ ನಮ್ಮ ಪತ್ರಿಕೆಗಳೂ ಬಣ್ಣದ ಚಿತ್ರಗಳನ್ನು ಹಾಕಿದವು. ಲಿಂಗಕ್ಕೆ ತಕ್ಕ ಹೆಸರಿನ ಗುರುತು ಕೊಡಬೇಕೆಂಬ ಮಸೂದೆಯನ್ನು ಅದೇ ಸಂಸತ್ತು 2024ರ ಫೆಬ್ರವರಿಯಲ್ಲಿ ತಳ್ಳಿಹಾಕಿತ್ತು ಎಂಬುದನ್ನು ಆ ಚಿತ್ರಗಳ ಪಕ್ಕದಲ್ಲಿ ಯಾರೂ ಬರೆಯಲಿಲ್ಲ.

ಥಾಯ್ ಬೌದ್ಧ ಜನಪದರಲ್ಲಿ, ಹಿಂದಿನ ಜನ್ಮದಲ್ಲಿ ವ್ಯಭಿಚಾರ ಮಾಡಿದವರು ಈ ಜನ್ಮದಲ್ಲಿ ಕತೋಯ್ ಆಗಿ ಹುಟ್ಟುತ್ತಾರೆ ಎಂಬ ನಂಬಿಕೆ ಇದೆ. ಕರ್ಮ ಅನುಭವಿಸುತ್ತಿರುವವರನ್ನು ಹೊಡೆಯಬಾರದು, ಆದರೆ ಅವರನ್ನು ಸಮಾನರೆಂದು ಕಾಣುವ ಅಗತ್ಯವೂ ಇಲ್ಲ ಎಂಬ ಸಮಾಧಾನವನ್ನು ಅದು ಸಮಾಜಕ್ಕೆ ಒದಗಿಸುತ್ತದೆ. ಹೊರಗಿನವರಿಗೆ ಸಹಿಷ್ಣುತೆಯಾಗಿ ಕಾಣುವುದರಲ್ಲಿ ಇಂಥ ಕನಿಕರದ ಪಾಲೂ ಇದೆ.

ಹಾಗೆಂದು ಅವರೆಲ್ಲ ಬರೀ ಬಲಿಪಶುಗಳು ಎಂದು ಬರೆದರೆ ಅದೂ ಒಂದು ಮೂದಲಿಕೆಯೇ. ಸಿನಿಮಾ ನಿರ್ದೇಶಕಿ ತನ್ವಾರಿನ್ ಸುಕ್ಕಾಪಿಸಿತ್ ಅವರ ಚಿತ್ರವೊಂದನ್ನು 2010ರಲ್ಲಿ ಅಲ್ಲಿನ ಸೆನ್ಸಾರ್ ನಿಷೇಧಿಸಿತ್ತು. 2019ರಲ್ಲಿ ಅವರೇ ದೇಶದ ಮೊದಲ ಟ್ರಾನ್ಸ್ ಸಂಸದೆಯಾಗಿ ಆಯ್ಕೆಯಾದರು, ಮಾಧ್ಯಮ ಸಂಸ್ಥೆಯ ಷೇರು ಹೊಂದಿದ್ದರೆಂಬ ಕಾರಣಕ್ಕೆ ಮರುವರ್ಷವೇ ಸಂವಿಧಾನ ನ್ಯಾಯಾಲಯ ಅವರ ಸದಸ್ಯತ್ವವನ್ನು ತೆಗೆಯಿತು. ಟ್ರಾನ್ಸ್ ಮಹಿಳೆಯೇ ಆದ ಉದ್ಯಮಿ ಆನ್ನೆ ಜಕ್ರಜುತತಿಪ್ 2022ರಲ್ಲಿ ಮಿಸ್ ಯೂನಿವರ್ಸ್ ಸಂಸ್ಥೆಯನ್ನೇ 2 ಕೋಟಿ ಡಾಲರಿಗೆ ಕೊಂಡರು. (ನಮ್ಮ ಹಿಂದಿ ಪೌರಾಣಿಕ ಧಾರಾವಾಹಿಗಳನ್ನು ಥಾಯ್ ಮನೆಗಳಿಗೆ ತಂದು ಮಾರಿದವರೂ ಅವರೇ ಎಂಬುದು ನನಗೆ ಮೋಜಿನ ಸಂಗತಿ.) ಮರುವರ್ಷ ಅವರ ಕಂಪನಿ ಸಾಲದ ಸುಳಿಗೆ ಸಿಕ್ಕಿತು, ಅದು ಯಾವ ಉದ್ಯಮಿಗೂ ಆಗುವಂಥದ್ದು. ತಮಾಷೆಗೆ ಒದಗುತ್ತಿದ್ದವರಲ್ಲಿ ಒಬ್ಬರು ಅಂಗಡಿಯ ಯಜಮಾನಿಕೆಗೆ ಬಂದದ್ದು ಸಣ್ಣದಲ್ಲ. ಆದರೆ ಒಬ್ಬರ ಯಜಮಾನಿಕೆಯಿಂದ ಉಳಿದವರ ಅರ್ಜಿ ಸ್ವೀಕಾರವಾಗುವುದಿಲ್ಲ.

ಕರಾವಳಿಯ ನಮಗೆ ಈ ಎಲ್ಲದರ ಬಗ್ಗೆ ಮೂಗು ಮುರಿಯುವ ಹಕ್ಕು ಇದೆಯೇ ಎಂದು ಕೇಳಿಕೊಂಡರೆ ಉತ್ತರ ಅಷ್ಟು ಸಲೀಸಲ್ಲ. ಯಕ್ಷಗಾನದ ಸ್ತ್ರೀವೇಷದ ಮುಂದೆ ನಾವು ತಲೆಮಾರುಗಳಿಂದ ಮೈಮರೆತು ಕುಳಿತವರು. ಗಂಡು ದೇಹವೊಂದು ದಮಯಂತಿಯಾಗಿ ಅತ್ತರೆ ನಮ್ಮ ಅಜ್ಜಿಯಂದಿರು ಸೆರಗಿನಿಂದ ಕಣ್ಣೊರೆಸಿಕೊಂಡಿದ್ದಾರೆ. ಆದರೆ ಆ ಅನುಮತಿ ಮಂಗಳ ಹಾಡುವ ತನಕ ಮಾತ್ರ. ಚೌಕಿಯಲ್ಲಿ ಬಣ್ಣ ಒರೆಸಿ, ಲುಂಗಿ ಸುತ್ತಿ, ಮೊದಲ ಬಸ್ಸಿಗೆ ಊರಿಗೆ ಹೋಗುವ ಗಂಡಸಿಗೆ ಸನ್ಮಾನ, ಶಾಲು, ಫಲಪುಷ್ಪ. ಬಣ್ಣ ಒರೆಸಲು ಒಲ್ಲದವರಿಗೆ ಬಾಡಿಗೆ ಮನೆಯೂ ಇಲ್ಲ. ಸಿನಿಮಾದಲ್ಲೂ ಹೀಗೇ ಆಗುತ್ತದೆ. 2015ರಲ್ಲಿ ಬಂದ, ಟ್ರಾನ್ಸ್ ಮಹಿಳೆಯೊಬ್ಬರ ಆತ್ಮಕಥೆಯನ್ನು ಆಧರಿಸಿದ ಕನ್ನಡ ಚಿತ್ರದ ಪಾತ್ರಕ್ಕೆ ಸಂಚಾರಿ ವಿಜಯ್ ಅವರಿಗೆ ರಾಷ್ಟ್ರಪ್ರಶಸ್ತಿ ಬಂತು. ಅದಕ್ಕೆ ಅವರು ಯೋಗ್ಯರೇ ಆಗಿದ್ದರು. ಆ ಸಮುದಾಯದ ಎಷ್ಟು ನಟಿಯರಿಗೆ ಆ ಬಳಿಕ ನಮ್ಮ ಚಿತ್ರರಂಗ ಕೆಲಸ ಕೊಟ್ಟಿತು ಎಂಬುದು ಬೇರೆಯೇ ಲೆಕ್ಕ.

ಕಾಗದದ ಮಟ್ಟಿಗೆ ನಾವು ಥಾಯ್ಲೆಂಡಿಗಿಂತ ಮುಂದೆ ಹೋದದ್ದುಂಟು. ತೃತೀಯ ಲಿಂಗಕ್ಕೆ ಮಾನ್ಯತೆ ಕೊಟ್ಟ ಸುಪ್ರೀಂ ಕೋರ್ಟಿನ ತೀರ್ಪು 2014ರಲ್ಲಿ ಬಂತು, 2019ರ ಕಾಯ್ದೆಯು ಜಿಲ್ಲಾಧಿಕಾರಿಯಿಂದ ಗುರುತಿನ ಪತ್ರ ಪಡೆಯುವ ದಾರಿ ಮಾಡಿತು, 2021ರಲ್ಲಿ ಕರ್ನಾಟಕ ಸರಕಾರಿ ನೇಮಕಾತಿಯಲ್ಲಿ ಶೇಕಡಾ 1ರ ಮೀಸಲಾತಿ ಕೊಟ್ಟಿತು. ಅಲ್ಲಿ ಬೆಳಕಿನ ವೇದಿಕೆ ಇದೆ, ಈ ಕಾಗದ ಇಲ್ಲ. ಇಲ್ಲಿ ಕಾಗದ ಹಿಡಿದವರು ಸುರತ್ಕಲ್ ಕಡೆಯ ಹೆದ್ದಾರಿಯ ಸಿಗ್ನಲಿನಲ್ಲಿ ಕೈಚಾಚಿ ನಿಂತಿರುತ್ತಾರೆ, ಮತ್ತು ನೂರು ಬಾತ್ ಕೊಟ್ಟು ಬಂದ ನನ್ನ ಭಾವ ಕಾರಿನ ಗಾಜು ಏರಿಸುತ್ತಾರೆ. ಈ ಮಾತನ್ನು ಅವರ ಮುಖಕ್ಕೇ ಹೇಳಿದ್ದೇನೆ. “ಅದು ಬೇರೆ, ಇದು ಬೇರೆ” ಎಂದರು. ಅಲ್ಲಿ ಟಿಕೆಟ್ ಕೊಂಡ ಪ್ರೇಕ್ಷಕನಾಗಿ ತಾನು ಇದ್ದ ನಿರಾಳ ಇಲ್ಲಿ ಇಲ್ಲವೆಂಬುದು ಅವರ ಮಾತಿನ ಅರ್ಥವಿರಬೇಕು.

ನಮ್ಮಲ್ಲಿ ಈಗ ಬೆಳೆಯುತ್ತಿರುವ ಪಟ್ಟಾಯ ಇರುವುದು ಮೊಬೈಲಿನಲ್ಲಿ. ಯೂಟ್ಯೂಬ್ ಚಾನೆಲ್‌ಗಳ ಸಂದರ್ಶನಗಳನ್ನು ನೋಡಿ: ಕಣ್ಣೀರಿನ ಮುಖದ ಮೇಲೆ ಹಳದಿ ಅಕ್ಷರಗಳಲ್ಲಿ ‘ಮಂಗಳಮುಖಿಯ ಕರಾಳ ಸತ್ಯ’, ಕೆಳಗೆ ಲಕ್ಷಗಟ್ಟಲೆ ವೀಕ್ಷಣೆ, ನಡುನಡುವೆ ಜಾಹೀರಾತು. ಉಡುಪಿಯಲ್ಲಿ ಅಡುಗೆ ಕೆಲಸ ಮಾಡಿ ಜೀವನ ಸಾಗಿಸುವ, ನನಗೆ ಪರಿಚಯದ ಒಬ್ಬರು ಇಂಥ ಒಂದು ಸಂದರ್ಶನಕ್ಕೆ ಹೋಗಿದ್ದರು. ಮಧ್ಯಾಹ್ನ ಪೂರ್ತಿ ಮಾತಾಡಿಸಿದರಂತೆ. ಕೇಟರಿಂಗಿನ ಲೆಕ್ಕಾಚಾರ, ಬ್ಯಾಂಕ್ ಸಾಲಕ್ಕೆ ಅಲೆದದ್ದು, ತಾನು ಮಾಡುವ ಕೋರಿರೊಟ್ಟಿಯ ಮಸಾಲೆ ಇದನ್ನೆಲ್ಲ ಆಕೆ ಉತ್ಸಾಹದಿಂದ ಹೇಳಿದ್ದರು.

“ಅಕ್ಕ, ಅಷ್ಟು ಹೇಳಿದ್ದರಲ್ಲಿ ಹಾಕಿದ್ದು ಎರಡೇ. ಆಪರೇಷನ್ನಿದ್ದು, ಅಮ್ಮ ಹೊರಗೆ ಹಾಕಿದ್ದು. ಅಡುಗೆಯದ್ದು ಒಂದು ಮಾತು ಸಹ ಇಲ್ಲ.”

“ದುಡ್ಡೇನಾದ್ರೂ ಕೊಟ್ರಾ?”

“ಒಂದು ಸೀರೆ ಕೊಟ್ರು. ಅದನ್ನು ಕೊಡುವುದನ್ನೂ ವಿಡಿಯೋ ಮಾಡಿದ್ರು.”

ಈಗ ಯಾರಾದರೂ ಕರೆದರೆ ಆಕೆ ಮೊದಲೇ ಎರಡು ವಿಷಯ ಕೇಳುತ್ತಾರೆ: ಎಷ್ಟು ಕೊಡುತ್ತೀರಿ, ಹಾಕುವ ಮೊದಲು ನನಗೆ ತೋರಿಸುತ್ತೀರಾ. ಹಾಗೆ ಕೇಳಿದ ಮೇಲೆ ಹೆಚ್ಚಿನವರು ಮತ್ತೆ ಫೋನ್ ಮಾಡಿಲ್ಲ. ಒಪ್ಪಿದ ಚಾನೆಲೊಂದು ಆಕೆಯ ಅಡುಗೆಯನ್ನೇ ಚಿತ್ರೀಕರಿಸಿ ಹಾಕಿದೆ, ಅದಕ್ಕೆ ಕೆಲವು ನೂರು ವೀಕ್ಷಣೆಗಳು ಬಂದಿವೆ, ಒಂದು ಗೃಹಪ್ರವೇಶದ ಊಟದ ಆರ್ಡರ್ ಕೂಡ ಬಂದಿದೆ.